ಸಹಾಯಕನ ಪಾಲು

ಸಂಗೀತ ಕಚೇರಿ ಮುಗಿಸಿಕೊಂಡು ಮನೆಗೆ ಹಿಂದಿರುಗುವವರು ದಾರಿಯುದ್ದಕ್ಕೂ ಹಾಡಿದವರ ಮಾತನ್ನೇ ಆಡಿಕೊಂಡು ಬರುತ್ತಾರೆ. ಪಿಟೀಲಿಗೆ ಕುಳಿತವರು ಯಾರು, ಮೃದಂಗ ನುಡಿಸಿದವರು ಯಾರು ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ಆ ಇಬ್ಬರು ಇಲ್ಲದಿದ್ದರೆ ಕಚೇರಿ ಕಳೆಗಟ್ಟುತ್ತಿರಲಿಲ್ಲವೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಇತಿಹಾಸವೂ ಬಹುಮಟ್ಟಿಗೆ ಇಂಥ ಶ್ರೋತೃವೇ. ನಡುವೆ ಕುಳಿತವನ ಹೆಸರನ್ನು ಬರೆದುಕೊಂಡು, ಪಕ್ಕದಲ್ಲಿದ್ದವರನ್ನು ‘ಮತ್ತಿತರರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಅದರ ಹಳೆಯ ಚಾಳಿ.

ಕ್ರೀಡೆಯ ಚರಿತ್ರೆಯಲ್ಲಿ ಈ ಚಾಳಿ ಇನ್ನೂ ಬಲವಾಗಿದೆ. ಗೋಲು ಆಟಗಾರನ ಲೆಕ್ಕಕ್ಕೆ ಸೇರುತ್ತದೆ, ಗೆಲುವು ಮುಖ್ಯ ಕೋಚಿನ ಲೆಕ್ಕಕ್ಕೆ ಸೇರುತ್ತದೆ. ಸಹಾಯಕ ಕೋಚಿಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಅಂಕಣವೇ ಇಲ್ಲ. ತಂಡದ ಭಾವಚಿತ್ರದ ಅಂಚಿನಲ್ಲಿ ನಿಂತ ಒಬ್ಬ ಮನುಷ್ಯನೆಂದಷ್ಟೇ ಆತ ಉಳಿಯುತ್ತಾನೆ. ಆದರೂ ಅವನ ಪಾಲು ಎಷ್ಟೆಂಬುದನ್ನು ತೂಗಿ ನೋಡಲು ಅವಕಾಶವಿರುವ ಒಂದು ಸ್ಥಳ ಅಮೆರಿಕದಲ್ಲಿದೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ಪುರುಷರ ಲ್ಯಾಕ್ರೋಸ್ ತಂಡವನ್ನು 1916ರಿಂದ 2021ರವರೆಗೆ, ಒಂದು ಶತಮಾನಕ್ಕೂ ಮಿಕ್ಕ ಕಾಲ, ನಾಲ್ಕೇ ಮಂದಿ ನಡೆಸಿದರು. ಅವರಲ್ಲಿ ಕೊನೆಯ ಇಬ್ಬರು ತಮಗಿಂತ ಹಿಂದಿನವರ ಕೈಕೆಳಗೆ ಹತ್ತು ಹನ್ನೆರಡು ವರ್ಷ, ಹತ್ತೊಂಬತ್ತು ವರ್ಷ ಸಹಾಯಕರಾಗಿ ದುಡಿದು ಬಂದವರು. ರಾಜಮನೆತನಗಳ ವಂಶಾವಳಿಯಲ್ಲಿ ಕೂಡ ಇಷ್ಟು ನಿಧಾನದ ಉತ್ತರಾಧಿಕಾರ ಅಪರೂಪವೆಂದೇ ಹೇಳಬೇಕು.

ಆಟ ಮತ್ತು ಅದರ ಒಡೆಯರು

ಲ್ಯಾಕ್ರೋಸ್ ನಮ್ಮಲ್ಲಿ ಬಳಕೆಗೆ ಬಂದ ಆಟವಲ್ಲ. ತುದಿಯಲ್ಲಿ ಬಲೆಯ ಜೋಳಿಗೆಯುಳ್ಳ ಕೋಲಿನಿಂದ ಗಟ್ಟಿ ರಬ್ಬರಿನ ಚಿಕ್ಕ ಚೆಂಡನ್ನು ಹಿಡಿದು, ಹೊತ್ತು ಓಡಿ, ಜೊತೆಯವನಿಗೆ ಎಸೆದು, ಕೊನೆಗೆ ಆರು ಅಡಿ ಅಗಲ ಆರು ಅಡಿ ಎತ್ತರದ ಗೋಲಿಗೆ ಸೇರಿಸುವುದು ಇದರ ಸಾರಾಂಶ. ಕಾಲೇಜು ಪುರುಷರ ಆಟದಲ್ಲಿ ಒಂದೊಂದು ಪಕ್ಷಕ್ಕೆ ಹತ್ತು ಜನ. ಗೋಲು ಕಾಯುವವನು ಒಬ್ಬ. ರಕ್ಷಣೆಗೆ ಮೂವರು, ನಡುವೆ ಮೂವರು, ದಾಳಿಗೆ ಮೂವರು. ಆಟ ನಿಲ್ಲದೆ ನಡೆದಿರುವಾಗಲೇ ದಣಿದವರು ಹೊರಬಂದು ಹೊಸಬರು ಒಳಹೋಗುತ್ತಾರೆ. ಮುಖ್ಯ ಕೋಚಿನ ಕಣ್ಣು ಚೆಂಡಿನ ಮೇಲಿದ್ದರೆ, ಯಾರ ಕಾಲು ಸೋತಿದೆ, ಯಾರನ್ನು ಈಗ ಒಳಗೆ ಬಿಡಬೇಕು, ಎದುರಾಳಿ ಯಾವ ಮಗ್ಗುಲಿನಿಂದ ನುಗ್ಗುವ ಹವಣಿಕೆಯಲ್ಲಿದ್ದಾನೆ ಎಂಬುದನ್ನು ನೋಡುತ್ತಿರುವುದು ಸಹಾಯಕನ ಕಣ್ಣು. ಪಂದ್ಯಕ್ಕೆ ಮೊದಲು ಎದುರಾಳಿಯ ಆಟವನ್ನು ಅಭ್ಯಾಸ ಮಾಡುವುದು, ಊರೂರು ತಿರುಗಿ ಹೈಸ್ಕೂಲುಗಳಲ್ಲಿ ಒಳ್ಳೆಯ ಹುಡುಗರನ್ನು ಹುಡುಕುವುದು, ಸೋತ ರಾತ್ರಿ ಮಂಕಾದವನನ್ನು ಮಾತಾಡಿಸುವುದು, ಇವೆಲ್ಲ ಅವನ ಪಾಲಿನವು.

ಈ ಆಟ ಬಿಳಿಯರು ಕಟ್ಟಿದ್ದಲ್ಲ. ಮೋಹಾಕ್, ಒನೈಡಾ, ಒನಾಂಡಾಗ, ಕಯೂಗ, ಸೆನೆಕ, ಟಸ್ಕರೋರ ಎಂಬ ಆರು ಜನಾಂಗಗಳ ಒಕ್ಕೂಟ ತನ್ನನ್ನು ಹೌಡೆನೊಸೌನಿ ಎಂದು ಕರೆದುಕೊಳ್ಳುತ್ತದೆ. ಹೊರಗಿನವರು ಇರಕ್ವಾ ಎನ್ನುತ್ತಿದ್ದರು. ಅವರ ಪಾಲಿಗೆ ಇದು ಸೃಷ್ಟಿಕರ್ತನ ಪ್ರೀತ್ಯರ್ಥವಾಗಿ ಆಡುವ ಆಟ. ಕಾಯಿಲೆ ಕಳೆಯುವ ಔಷಧಿಯೂ ಹೌದು. 1630ರ ದಶಕದಲ್ಲಿ ಹ್ಯೂರನ್ ಜನರ ನಡುವೆ ಇದ್ದ ಫ್ರೆಂಚ್ ಪಾದ್ರಿಗಳು ತಮ್ಮ ವರದಿಗಳಲ್ಲಿ ಈ ಬಗೆಯ ಆಟವನ್ನು ಪ್ರಸ್ತಾಪಿಸಿದ್ದಾರೆ. ಇಂದಿನ ಹೆಸರು ಬಂದದ್ದು ಫ್ರೆಂಚ್ ಭಾಷೆಯಿಂದಲೇ. 1763ರ ಜೂನ್ 2ರಂದು ಮಿಷಿಲಿಮಾಕಿನಾಕ್ ಎಂಬ ಬ್ರಿಟಿಷ್ ಕೋಟೆಯ ಮುಂದೆ ಓಜಿಬ್ವೆ ಮತ್ತು ಸಾಕ್ ಜನರು ಈ ಆಟವನ್ನು ಆಡುತ್ತಿದ್ದರು. ಸಿಪಾಯಿಗಳು ಮೈಮರೆತು ನೋಡುತ್ತಿರಲು, ಆಟಗಾರರು ಚೆಂಡಿನ ನೆಪದಲ್ಲಿ ಒಳನುಗ್ಗಿ ಕೋಟೆಯನ್ನೇ ಹಿಡಿದುಕೊಂಡರು. ಆಟದ ಹುರುಪು ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1867ರಲ್ಲಿ ಮಾಂಟ್ರಿಯಲ್ಲಿನ ವಿಲಿಯಂ ಜಾರ್ಜ್ ಬಿಯರ್ಸ್ ಎಂಬ ದಂತವೈದ್ಯ ಈ ಆಟಕ್ಕೆ ಲಿಖಿತ ನಿಯಮಗಳನ್ನು ಕಟ್ಟಿಕೊಟ್ಟ. 1877ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯ ತಂಡ ಕಟ್ಟಿತು. ಅಲ್ಲಿಂದ ಆಟ ಅಮೆರಿಕದ ಕಾಲೇಜುಗಳಿಗೆ ಹರಡಿತು. 1880ರಲ್ಲಿ ಕೆನಡದ ಲ್ಯಾಕ್ರೋಸ್ ಸಂಘ, ಹಣ ಪಡೆಯದ ಹವ್ಯಾಸಿಗಳು ಮಾತ್ರ ಆಡಬೇಕೆಂದು ವಿಧಿಸಿತು. ಪ್ರಯಾಣದ ಖರ್ಚಿಗಾಗಿ ಹಣ ತೆಗೆದುಕೊಳ್ಳುತ್ತಿದ್ದ ಮೂಲನಿವಾಸಿ ತಂಡಗಳು ಈ ಒಂದು ಮಾತಿನಿಂದ ಹೊರಬಿದ್ದವು. ಕಲಿಸಿದವನನ್ನು ಹೊಸ್ತಿಲಾಚೆ ನಿಲ್ಲಿಸಿ ಪಾಠ ಮುಂದುವರಿಯಿತು. ಸಿರಾಕ್ಯೂಸ್ ನಗರ ನಿಂತಿರುವುದು ಒನಾಂಡಾಗ ಜನಾಂಗದ ಪರಂಪರಾಗತ ನೆಲದ ಮೇಲೆ ಎಂಬುದನ್ನು ನೆನೆದಾಗ, ಅಲ್ಲಿಯ ತಂಡದ ಚರಿತ್ರೆಗೆ ಬೇರೊಂದು ಅರ್ಥ ಬರುತ್ತದೆ.

ಹಿರಿಯ ಸಿಮನ್ಸ್

ಅಲ್ಲಿ 1916ರಲ್ಲಿ ತಂಡ ಕಟ್ಟಿದವರು ಲಾರಿ ಕಾಕ್ಸ್. ಅವರು ಅರಣ್ಯ ವಿಜ್ಞಾನದ ಕಾಲೇಜಿನಲ್ಲಿ ಭೂದೃಶ್ಯ ವಿನ್ಯಾಸದ ಪ್ರಾಧ್ಯಾಪಕರು. ಪಾಠ ಮುಗಿದ ಮೇಲೆ ಆಟ. ಅವರ ಶಿಷ್ಯರಲ್ಲಿ ಒಬ್ಬರು ರಾಯ್ ಸಿಮನ್ಸ್. 1931ರಲ್ಲಿ ಗುರುವಿನ ಸ್ಥಾನಕ್ಕೆ ಬಂದ ಸಿಮನ್ಸರು 1970ರವರೆಗೆ ಆ ಸ್ಥಾನದಲ್ಲಿದ್ದರು. ಬಾಕ್ಸಿಂಗ್ ತಂಡದ ಕೋಚಿನ ಹೊಣೆಯೂ ಅವರದೇ ಆಗಿತ್ತು. ಇದರ ಜೊತೆಗೆ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಲ್ಲಿ ಹಲವು ದಶಕಗಳ ಕಾಲ ಸಹಾಯಕ ಕೋಚ್ ಆಗಿದ್ದರೆಂಬುದು ಗಮನಿಸಬೇಕಾದ ಸಂಗತಿ. ಒಂದು ಮೈದಾನದಲ್ಲಿ ಯಜಮಾನ, ಇನ್ನೊಂದರಲ್ಲಿ ಕೈಯಾಳು! ಎರಡನ್ನೂ ಒಂದೇ ಮನಸ್ಸಿನಿಂದ ನಡೆಸಿಕೊಂಡು ಹೋದರು.

ಸಹಾಯಕನ ಕಣ್ಣಿನ ಬೆಲೆ ಏನು, ಅವನ ಅಧಿಕಾರದ ಮಿತಿ ಯಾವುದು ಎಂಬ ಎರಡನ್ನೂ ತೋರಿಸಿಕೊಡುವ ಘಟನೆ ಈ ಫುಟ್‌ಬಾಲ್ ಕೆಲಸದಲ್ಲಿಯೇ ನಡೆಯಿತು. ಭಾರತೀಯರಾದ ನಮಗೆ ಅದರಲ್ಲಿ ಇನ್ನೊಂದು ಸಂಬಂಧವೂ ಇದೆ. ಬಾಸ್ಕೆಟ್‌ಬಾಲ್ ಆಡಲೆಂದು ಬಂದಿದ್ದ ವಿಲ್ಮೆತ್ ಸಿದಾತ್ ಸಿಂಗ್ ಎಂಬ ವಿದ್ಯಾರ್ಥಿ ಕಾಲೇಜಿನೊಳಗಿನ ಒಂದು ಸಾಮಾನ್ಯ ಪಂದ್ಯದಲ್ಲಿ ಫುಟ್‌ಬಾಲ್ ಎಸೆಯುತ್ತಿದ್ದುದು ಸಿಮನ್ಸರ ಕಣ್ಣಿಗೆ ಬಿತ್ತು. ನೀನು ಇರಬೇಕಾದದ್ದು ದೊಡ್ಡ ತಂಡದಲ್ಲಿ ಎಂದು ಅವನನ್ನು ಕರೆತಂದವರು ಅವರೇ. ಈ ಹುಡುಗ ಕಪ್ಪು ಜನಾಂಗದವನು. ತಂದೆ ತೀರಿಹೋದ ಮೇಲೆ ತಾಯಿ ಭಾರತದಿಂದ ವೈದ್ಯಶಾಸ್ತ್ರ ಕಲಿಯಲು ಬಂದಿದ್ದ ಸ್ಯಾಮ್ಯುಯೆಲ್ ಸಿದಾತ್ ಸಿಂಗ್ ಎಂಬವರನ್ನು ಮದುವೆಯಾಗಿದ್ದರು; ಹುಡುಗನಿಗೆ ಬಂದದ್ದು ಆ ಮಲತಂದೆಯ ಹೆಸರು. ಹೆಸರನ್ನು ಕೇಳಿದ ಪತ್ರಿಕೆಗಳು ಅವನನ್ನು ‘ಹಿಂದೂ’ ಎಂದೇ ಬರೆದವು. ಕಪ್ಪು ಆಟಗಾರನಿಗಿದ್ದ ಎಷ್ಟೋ ಬಾಗಿಲುಗಳ ಅಡ್ಡಿ, ಹಿಂದೂ ಎಂದೊಡನೆ ಸಡಿಲವಾಗುತ್ತಿತ್ತು.

1937ರ ಅಕ್ಟೋಬರಿನಲ್ಲಿ ಸಿರಾಕ್ಯೂಸ್ ತಂಡ ಮೇರಿಲೆಂಡ್ ವಿಶ್ವವಿದ್ಯಾನಿಲಯದ ಎದುರು ಆಡಲು ಬಾಲ್ಟಿಮೋರಿಗೆ ಹೋಯಿತು. ಸ್ಯಾಮ್ ಲೇಸಿ ಎಂಬ ಕಪ್ಪು ಜನಾಂಗದ ಪತ್ರಕರ್ತರು ಆ ವೇಳೆಗೆ ಸಿದಾತ್ ಸಿಂಗ್ ಹಿಂದೂ ಅಲ್ಲವೆಂಬ ನಿಜವನ್ನು ಪ್ರಕಟಿಸಿದ್ದರು. ತಮ್ಮವನೊಬ್ಬ ಬೇರೆ ಹೆಸರಿನ ಮರೆಯಲ್ಲಿ ಆಡುವುದಕ್ಕಿಂತ ತನ್ನ ಜನಾಂಗದ ಹೆಸರಿನಲ್ಲೇ ಆಡಲಿ ಎಂಬುದು ಅವರ ನಿಲುವು. ಮೇರಿಲೆಂಡಿನವರು ಕಪ್ಪು ಆಟಗಾರನ ಎದುರು ಆಡಲೊಲ್ಲೆವೆಂದರು. ಸಿರಾಕ್ಯೂಸಿನ ಆಡಳಿತದವರು ಮಣಿದರು. ಸಿದಾತ್ ಸಿಂಗ್ ಹೊರಗೆ ಕುಳಿತ. ತಂಡ 13-0ರಲ್ಲಿ ಸೋತಿತು. ಅದೇ ತಂಡದಲ್ಲಿದ್ದ ಮಾರ್ಟಿ ಗ್ಲಿಕ್‌ಮನ್, ಹಿಂದಿನ ವರ್ಷವಷ್ಟೇ ಯೆಹೂದ್ಯನೆಂಬ ಕಾರಣಕ್ಕೆ ಬರ್ಲಿನ್ ಒಲಿಂಪಿಕ್ಸಿನ ರಿಲೇ ಓಟದಿಂದ ಹೊರಗುಳಿದವರು. ಅಂದು ತಾವು ಬಾಯಿಬಿಡಲಿಲ್ಲವಲ್ಲ ಎಂದು ಅವರು ಮುಂದೆ ಬಹುಕಾಲ ಪರಿತಪಿಸಿದರು.

ಗುಣವನ್ನು ಕಂಡು ಕರೆತಂದ ಕಣ್ಣು ಸಹಾಯಕನದು. ಅವನನ್ನು ಆಡಿಸುವ, ಬಿಡುವ ಹಕ್ಕು ಮಾತ್ರ ಆ ಸ್ಥಾನಕ್ಕೆ ಸೇರಿದ್ದಲ್ಲ. ಮರುವರ್ಷ ಮೇರಿಲೆಂಡ್ ಸಿರಾಕ್ಯೂಸಿಗೆ ಬಂದಾಗ ಸಿದಾತ್ ಸಿಂಗ್ ಮೈದಾನದಲ್ಲಿದ್ದ, ಫಲಿತಾಂಶ 53-0. ಎರಡನೆಯ ಮಹಾಯುದ್ಧದಲ್ಲಿ ಟಸ್ಕೀಗಿಯ ಕಪ್ಪು ವೈಮಾನಿಕರ ದಳ ಸೇರಿದ ಆತ, 1943ರಲ್ಲಿ ತರಬೇತಿಯ ವೇಳೆ ವಿಮಾನ ಕೆಟ್ಟು ಹ್ಯೂರನ್ ಸರೋವರದಲ್ಲಿ ಮೃತನಾದ. ಮೇರಿಲೆಂಡ್ ವಿಶ್ವವಿದ್ಯಾನಿಲಯ ಅವನ ಬಂಧುಗಳನ್ನು ಕರೆದು ಬಹಿರಂಗವಾಗಿ ಕ್ಷಮೆ ಕೇಳಿದ್ದು 2013ರಲ್ಲಿ. ಎಪ್ಪತ್ತಾರು ವರ್ಷ ಬೇಕಾಯಿತು!

ಸೋಲರಿಯದ 1957

ಹಿರಿಯ ಸಿಮನ್ಸರ ಲ್ಯಾಕ್ರೋಸ್ ವೃತ್ತಿಯ ಶಿಖರ 1957. ಆ ವರ್ಷದ ತಂಡ ಹತ್ತು ಪಂದ್ಯವಾಡಿ ಹತ್ತನ್ನೂ ಗೆದ್ದಿತು. ನಡುವಿನ ಸಾಲಿನಲ್ಲಿ ಮುಂದೆ ಫುಟ್‌ಬಾಲಿನಲ್ಲಿ ಜಗದ್ವಿಖ್ಯಾತರಾದ ಜಿಮ್ ಬ್ರೌನ್. ಹತ್ತು ಪಂದ್ಯಗಳಲ್ಲಿ ಅವರು ಹೊಡೆದ ಗೋಲುಗಳು 43. ಗೋಲಿನಲ್ಲಿ ಒನಾಂಡಾಗ ಜನಾಂಗದ ಓರೆನ್ ಲಯನ್ಸ್. ಅವರ ಜೊತೆಗೆ ಕೋಚಿನ ಮಗ, ಕಿರಿಯ ರಾಯ್ ಸಿಮನ್ಸ್. ಒಬ್ಬ ಕಪ್ಪು, ಒಬ್ಬ ಮೂಲನಿವಾಸಿ, ಒಬ್ಬ ಬಿಳಿಯ: ಅಂದಿನ ಅಮೆರಿಕದಲ್ಲಿ ಒಂದೇ ಪಂಕ್ತಿಯಲ್ಲಿ ಕಾಣುವುದು ದುರ್ಲಭವಾಗಿದ್ದ ಮೂವರು ಒಂದೇ ತಂಡದಲ್ಲಿದ್ದರು. ಬ್ರೌನ್ ಮೊದಲ ವರ್ಷ ವಿದ್ಯಾರ್ಥಿವೇತನವಿಲ್ಲದೆ, ಊರಿನ ಹಿತೈಷಿಗಳು ಕೂಡಿಸಿದ ಹಣದಲ್ಲಿ ಬಂದವರು. ಫುಟ್‌ಬಾಲ್ ಶಿಬಿರದಲ್ಲಿ ಅವರು ಕಂಡ ತಾತ್ಸಾರದ ನಡುವೆ ತಮ್ಮನ್ನು ಮನುಷ್ಯನೆಂದು ಕಂಡವರೆಂದು ಹಿರಿಯ ಸಿಮನ್ಸರನ್ನು ಅವರು ಕೃತಜ್ಞತೆಯಿಂದ ನೆನೆದದ್ದುಂಟು. ಇಷ್ಟಾಗಿಯೂ ಆ ವರ್ಷದ ರಾಷ್ಟ್ರೀಯ ಪ್ರಶಸ್ತಿ ಸಿರಾಕ್ಯೂಸಿಗೆ ಬರಲಿಲ್ಲ. ಆಗ ಅಂತಿಮ ಪಂದ್ಯದ ಏರ್ಪಾಡು ಇರಲಿಲ್ಲ. ಪ್ರಶಸ್ತಿಯನ್ನು ಸಂಘದವರೇ ತೀರ್ಮಾನಿಸುತ್ತಿದ್ದರು. ಅದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋಯಿತು.

ಅಪ್ಪನ ಪಕ್ಕದಲ್ಲಿ

ಕಿರಿಯ ಸಿಮನ್ಸರು ಓದಿದ್ದು ಲಲಿತಕಲೆ. ಶಿಲ್ಪ ಅವರ ವಿಷಯ. ಪದವಿ ಪಡೆದ ಮೇಲೆ, 1959ರ ಸುಮಾರಿನಿಂದ 1970ರವರೆಗೆ, ಅವರು ತಂದೆಯ ಸಹಾಯಕರಾಗಿ ಕೆಲಸ ಮಾಡಿದರು. ಈ ಹನ್ನೊಂದು ಹನ್ನೆರಡು ವರ್ಷಗಳ ಬಗೆಗೆ ದಾಖಲೆಗಳು ಮೌನವಾಗಿವೆ. ಗೆದ್ದ ಪಂದ್ಯಗಳು ತಂದೆಯ ಹೆಸರಿನಲ್ಲಿವೆ, ಸೋತವೂ ತಂದೆಯ ಹೆಸರಿನಲ್ಲೇ ಇವೆ. ಅಪ್ಪನ ಕೈಕೆಳಗೆ ದುಡಿಯುವುದು ಎಂಥ ಇಕ್ಕಟ್ಟಿನ ಸ್ಥಿತಿ ಎಂಬುದನ್ನು ಅಪ್ಪನ ಅಂಗಡಿಯಲ್ಲಿ ಗಲ್ಲಾದ ಪಕ್ಕ ಕುಳಿತ ಯಾವ ಮಗನಾದರೂ ಹೇಳಬಲ್ಲ. ಒಳ್ಳೆಯದು ನಡೆದರೆ ಹಿರಿಯರ ಪುಣ್ಯ. ಕೆಟ್ಟದ್ದು ನಡೆದರೆ ಹುಡುಗನ ಅವಸರ.

ಆದರೆ ಈ ಮೌನದ ವರ್ಷಗಳ ಬೆಳೆಯನ್ನು ಮುಂದಿನ ಕಾಲ ಕಂಡಿತು. 1971ರಲ್ಲಿ ಮಗ ಮುಖ್ಯ ಕೋಚ್ ಆದರು. ಅದೇ ವರ್ಷ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯೂ ಆರಂಭವಾಯಿತು. ಮೊದಲ ಪ್ರಶಸ್ತಿ ಕಾರ್ನೆಲ್ ವಿಶ್ವವಿದ್ಯಾನಿಲಯದ್ದು. ಸಿರಾಕ್ಯೂಸ್ ಆ ಪಂದ್ಯಾವಳಿಗೆ ಮೊದಲ ಬಾರಿ ಕಾಲಿಡಲು 1979ರವರೆಗೆ ಕಾಯಬೇಕಾಯಿತು. 1983ರ ಅಂತಿಮ ಪಂದ್ಯದಲ್ಲಿ ಜಾನ್ಸ್ ಹಾಪ್ಕಿನ್ಸಿನ ಎದುರು 5-12ರಷ್ಟು ಹಿಂದೆ ಬಿದ್ದಿದ್ದ ತಂಡ ಮೇಲೆದ್ದು 17-16ರಲ್ಲಿ ಗೆದ್ದಿತು. ಅಪ್ಪನಿಗೆ ದಕ್ಕದ ಪ್ರಶಸ್ತಿ ಮಗನಿಗೆ ದಕ್ಕಿತು. ಅಪ್ಪ ಆಗ ಬದುಕಿದ್ದರು. ಅವರು ಗತಿಸಿದ್ದು 1994ರಲ್ಲಿ. 1957ರಲ್ಲಿ ಕೈತಪ್ಪಿದ ಪ್ರಶಸ್ತಿ ಇಪ್ಪತ್ತಾರು ವರ್ಷಗಳ ಮೇಲೆ ಮನೆಗೆ ಬಂದುದನ್ನು ಅವರು ಕಣ್ಣಾರೆ ಕಂಡರೆಂಬುದೇ ಈ ಕಥೆಯಲ್ಲಿನ ಒಂದು ಸಮಾಧಾನ.

ಕಿರಿಯ ಸಿಮನ್ಸರು ಕಲೆಗಾರರು ಮೈದಾನದಲ್ಲಿಯೂ ಕಲೆಗಾರರಾಗಿಯೇ ಉಳಿದರು. ಹುಡುಗರ ಸ್ವಂತ ಕಲ್ಪನೆಗೆ ಲಗಾಮು ಹಾಕುವುದು ಅವರಿಗೆ ಸೇರದು. ಕೆನಡದ ಗ್ಯಾರಿ ಗೇಟ್, ಪಾಲ್ ಗೇಟ್ ಎಂಬ ಅವಳಿ ಸೋದರರು ಅವರ ಬಳಿ ಆಡಿದರು. 1988ರ ಪಂದ್ಯವೊಂದರಲ್ಲಿ ಗ್ಯಾರಿ ಗೇಟ್ ಗೋಲಿನ ಹಿಂಬದಿಯಿಂದ ಹಾರಿ, ಅಡ್ಡಪಟ್ಟಿಯ ಮೇಲಿನಿಂದ ಚೆಂಡನ್ನು ಒಳಗೆ ಇಳಿಸಿದ ಚಮತ್ಕಾರ ಇಂದಿಗೂ ಆ ಆಟದ ಪ್ರೇಮಿಗಳ ನಾಲಗೆಯ ಮೇಲಿದೆ. ಆ ವರ್ಷ ತಂಡ ಹದಿನೈದು ಪಂದ್ಯವಾಡಿ ಒಂದನ್ನೂ ಸೋಲಲಿಲ್ಲ. 1983, 1988, 1989, 1990, 1993, 1995: ಆರು ಪ್ರಶಸ್ತಿಗಳು. ಇವುಗಳಲ್ಲಿ 1990ರದ್ದನ್ನು ಕ್ರೀಡಾ ಮಂಡಳಿ ಮುಂದೆ ರದ್ದುಗೊಳಿಸಿತು. ಪಾಲ್ ಗೇಟ್ ಕಾರು ಕೊಳ್ಳಲು ಮಾಡಿದ ಸಾಲಕ್ಕೆ ಕೋಚಿನ ಪತ್ನಿ ಜಾಮೀನು ಹಾಕಿದ್ದರೆಂಬುದು ಕಾರಣ. ನಿಯಮದ ದೃಷ್ಟಿಯಿಂದ ಅದು ತಪ್ಪೇ. ವಿದ್ಯಾರ್ಥಿ ಆಟಗಾರನಿಗೆ ಬೇರೆ ವಿದ್ಯಾರ್ಥಿಗಳಿಗಿಲ್ಲದ ಅನುಕೂಲ ಸಿಗಬಾರದೆಂಬ ನಿಯಮದ ಆಶಯವೂ ಸರಿಯಾದದ್ದೇ. ಆದರೆ ಮಂಡಳಿಯ ಪಟ್ಟಿಯಿಂದ ಅಳಿಸಿದ ಗೆಲುವು ನೋಡಿದವರ ನೆನಪಿನಿಂದ ಅಳಿಯಲಿಲ್ಲ.

ಹತ್ತೊಂಬತ್ತು ವರ್ಷ

ಈ ಆರು ಗೆಲುವುಗಳ ವೇಳೆಯಲ್ಲೂ ಸಿಮನ್ಸರ ಪಕ್ಕದಲ್ಲಿ ನಿಂತಿದ್ದವರು ಜಾನ್ ಡೆಸ್ಕೋ. ಅದೇ ವಿಶ್ವವಿದ್ಯಾನಿಲಯದಲ್ಲಿ ಆಡಿ, 1980ರಲ್ಲಿ ಸಹಾಯಕರಾಗಿ ಸೇರಿದ ಅವರು 1998ರವರೆಗೆ, ಹತ್ತೊಂಬತ್ತು ಋತುಗಳ ಕಾಲ, ಆ ಸ್ಥಾನದಲ್ಲಿಯೇ ಇದ್ದರು. ಗೋಲು ಹೊಡೆಯುವ ಸಂಭ್ರಮಕ್ಕೆ ಹೆಸರಾದ ತಂಡದಲ್ಲಿ ಅವರ ಪಾಲಿಗೆ ಬಂದದ್ದು ಗೋಲು ತಡೆಯುವ ಹೊಣೆ. ನೋಡುವವರು ಗೇಟ್ ಸೋದರರ ಹಾರಾಟವನ್ನು ನೋಡಿದರು. ಎದುರಾಳಿಯನ್ನು ಅಡ್ಡಗಟ್ಟಿದ ರಕ್ಷಕರ ಕಾಲಿನ ನಡೆಯನ್ನು ನೋಡಿದವರು ಕಡಿಮೆ. ಹತ್ತೊಂಬತ್ತು ವರ್ಷವೆಂದರೆ ಸಣ್ಣ ಕಾಲವಲ್ಲ. ಅವರ ಕೈಯಲ್ಲಿ ಕಲಿತ ಹುಡುಗರು ಬೇರೆ ಕಡೆ ಮುಖ್ಯರಾಗುವಷ್ಟು ಕಾಲ. ಯಜಮಾನನ ಹೊಗಳಿಕೆ ಎಲ್ಲ ಪತ್ರಿಕೆಗಳಲ್ಲಿ ಬಂದು ಹಳತಾಗುವಷ್ಟು ಕಾಲ.

1998ರ ಕೊನೆಯಲ್ಲಿ ಸಿಮನ್ಸರು ನಿವೃತ್ತರಾಗಿ ತಮ್ಮ ಕಲೆಗೆ ಹಿಂದಿರುಗಿದರು. ಡೆಸ್ಕೋ ಮುಖ್ಯರಾದರು. ಮೊದಲ ವರ್ಷವೇ ಅಂತಿಮ ಪಂದ್ಯ ತಲುಪಿ ವರ್ಜೀನಿಯಾದ ಎದುರು ಸೋತರು. ಮುಂದೆ 2000, 2002, 2004, 2008, 2009ರಲ್ಲಿ ಪ್ರಶಸ್ತಿ ತಂದರು. 1983ರಿಂದ 2004ರವರೆಗೆ ಸತತವಾಗಿ ಇಪ್ಪತ್ತೆರಡು ವರ್ಷ ಸಿರಾಕ್ಯೂಸ್ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಇವುಗಳಲ್ಲಿ ಹದಿನಾರು ವರ್ಷ ಸಿಮನ್ಸರ ಲೆಕ್ಕಕ್ಕೆ, ಆರು ವರ್ಷ ಡೆಸ್ಕೋ ಲೆಕ್ಕಕ್ಕೆ. ಆದರೆ ಆ ಇಪ್ಪತ್ತೆರಡು ವರ್ಷವೂ ಮೈದಾನದ ಅಂಚಿನಲ್ಲಿ ನಿಂತಿದ್ದವರು ಡೆಸ್ಕೋ ಎಂಬುದನ್ನು ಯಾವ ಲೆಕ್ಕವೂ ತೋರಿಸುವುದಿಲ್ಲ. ಮುಂದಾಳು ಬದಲಾದರೂ ತಂಡದ ಓಟ ಮುಗ್ಗರಿಸಲಿಲ್ಲವೆಂದರೆ, ಗುಟ್ಟು ಎಲ್ಲೋ ಪಕ್ಕದ ಆಸನದಲ್ಲಿತ್ತೆಂದೇ ಅರ್ಥ.

2021ರಲ್ಲಿ ಡೆಸ್ಕೋ ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು ಅಂದು ಗೋಲಿನ ಮೇಲೆ ಹಾರಿದ ಗ್ಯಾರಿ ಗೇಟ್. ಅಷ್ಟು ಪ್ರಸಿದ್ಧ ಆಟಗಾರರೂ ಕೋಚಿನ ಕೆಲಸವನ್ನು ಕಲಿತದ್ದು ಸಹಾಯಕರಾಗಿಯೇ. ಮೇರಿಲೆಂಡ್ ವಿಶ್ವವಿದ್ಯಾನಿಲಯದ ಮಹಿಳಾ ತಂಡ ಸಿಂಡಿ ಟಿಮ್‌ಚಾಲ್ ಅವರ ನಾಯಕತ್ವದಲ್ಲಿ 1995ರಿಂದ 2001ರವರೆಗೆ ಸತತ ಏಳು ಪ್ರಶಸ್ತಿ ಗೆದ್ದ ಕಾಲದಲ್ಲಿ ಗೇಟ್ ಅಲ್ಲಿ ಸಹಾಯಕ ಕೋಚ್ ಆಗಿದ್ದರು. ಸಿಮನ್ಸ್ ಮನೆತನದ ಮೂರನೆಯ ತಲೆಯವರಾದ ಮೂರನೆಯ ರಾಯ್ ಸಿಮನ್ಸರೂ ಸಿರಾಕ್ಯೂಸಿನಲ್ಲಿ ಆಡಿ, ಸಹಾಯಕ ಕೋಚ್ ಆಗಿ ದುಡಿದವರು. ಅಜ್ಜ ಮತ್ತು ಅಪ್ಪನ ಹೆಸರನ್ನೇ ಹೊತ್ತರೂ ಮುಖ್ಯ ಕೋಚಿನ ಸ್ಥಾನ ಅವರ ಪಾಲಿಗೆ ಬರಲಿಲ್ಲ. ಸಹಾಯಕನಾಗಿರುವುದು ಎಲ್ಲರಿಗೂ ಮೆಟ್ಟಿಲಾಗುವುದಿಲ್ಲ. ಕೆಲವರಿಗೆ ಅದೇ ಪೂರ್ಣವಾದ ವೃತ್ತಿ.

ಉಳಿದ ಋಣ

ಮಂಡಳಿಯ ನಿಯಮ ಬಹುಕಾಲ ವೇತನವಿಲ್ಲದ ‘ಸ್ವಯಂಸೇವಕ ಕೋಚ್’ ಎಂಬ ಒಂದು ದರ್ಜೆಯನ್ನೇ ಇಟ್ಟಿತ್ತು. ಹೆಸರಿಗೆ ಸೇವೆ, ಕೆಲಸ ಮಾತ್ರ ಉಳಿದವರದ್ದೇ. ಈ ದರ್ಜೆ ರದ್ದಾದದ್ದು 2023ರ ಜುಲೈಯಲ್ಲಿ. ಕಲಿಯುವ ಅವಕಾಶವೇ ಸಂಬಳವೆಂಬ ಮಾತು ಗುರುಕುಲದ ಕಾಲದಲ್ಲಿ ಒಪ್ಪುವಂಥದು. ಸಾವಿರಾರು ಜನ ಟಿಕೆಟು ಕೊಂಡು ನೋಡುವ ಆಟಕ್ಕೆ ಅದನ್ನು ಅನ್ವಯಿಸಿದರೆ ಅದು ಜಿಪುಣತನವಾಗುತ್ತದೆ.

ಇದಕ್ಕಿಂತ ಹಳೆಯ ಋಣವೊಂದಿದೆ. 1970ರ ಸುಮಾರಿಗೆ ಪ್ಲಾಸ್ಟಿಕ್ ತಲೆಯ ಕೋಲು ಬರುವವರೆಗೆ ಕಾಲೇಜು ಹುಡುಗರು ಹಿಡಿದು ಆಡುತ್ತಿದ್ದದ್ದು ಮರದ ಕೋಲನ್ನು. ಹಿಕರಿ ಮರವನ್ನು ಸೀಳಿ, ಹಬೆಯಲ್ಲಿ ಬಾಗಿಸಿ, ಚರ್ಮದ ಎಳೆಗಳಿಂದ ಬಲೆ ಹೆಣೆಯುವ ಆ ವಿದ್ಯೆ ಮೂಲನಿವಾಸಿಗಳದು. ಆಟ ಅವರದು, ಕೋಲು ಅವರದು, ನೆಲವೂ ಅವರದು. 1957ರ ಗೋಲುರಕ್ಷಕ ಓರೆನ್ ಲಯನ್ಸರು ಮುಂದೆ ತಮ್ಮ ಜನಾಂಗದ ಧರ್ಮರಕ್ಷಕರಲ್ಲಿ ಒಬ್ಬರಾಗಿ, 1983ರಲ್ಲಿ ಹೌಡೆನೊಸೌನಿಗಳ ರಾಷ್ಟ್ರೀಯ ತಂಡ ಕಟ್ಟಿದವರಲ್ಲಿಯೂ ಒಬ್ಬರಾದರು. ಆ ತಂಡ 1990ರಲ್ಲಿ ತಮ್ಮದೇ ಒಕ್ಕೂಟದ ಪಾಸ್‌ಪೋರ್ಟ್ ಹಿಡಿದು ಆಸ್ಟ್ರೇಲಿಯಾದ ವಿಶ್ವ ಪಂದ್ಯಾವಳಿಗೆ ಹೋಗಿ ಬಂದಿತು. 2010ರಲ್ಲಿ ಅದೇ ಬಗೆಯ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪದೆ, ಮ್ಯಾಂಚೆಸ್ಟರಿನ ಪಂದ್ಯಾವಳಿ ಅವರ ಕೈತಪ್ಪಿತು.

ಸಿರಾಕ್ಯೂಸಿನ ಸಹಾಯಕರು ಕಾದರು. ಕಾದ ಕೆಲವರಿಗೆ ಸರದಿ ಬಂದಿತು. ಕಾಯುವ ಹೊತ್ತಿನಲ್ಲಿ ಮಾಡಿದ ಕೆಲಸದಿಂದಲೇ ಅವರ ಸರದಿ ಸಾರ್ಥಕವಾಯಿತು. ಮೊದಲ ಪಾಠ ಹೇಳಿಕೊಟ್ಟವರ ಸರದಿ ಇನ್ನೂ ಪೂರ್ತಿಯಾಗಿ ಬಂದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಲ್ಯಾಕ್ರೋಸನ್ನು ಸೇರಿಸಿರುವುದಾಗಿ 2023ರಲ್ಲಿ ಪ್ರಕಟವಾಗಿದೆ. ಪದಕಗಳ ಪಟ್ಟಿ ಬರೆಯುವವರು, ಆ ಆಟವನ್ನು ಜಗತ್ತಿಗೆ ಕೊಟ್ಟವರನ್ನು ಯಾವ ಅಂಕಣದಲ್ಲಿ ಬರೆಯುತ್ತಾರೆಂಬುದನ್ನು ನಾವು ನೋಡಬೇಕು.